ಇರ್ರಿ, ಲೇಡಿ, ನಾನು ಬರೆದ ‘ಇಲ್ಲ’

ಜನವರಿ 8, 2024

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒತ್ತು ಬಿಟ್ಟುಹೋಗುತ್ತದೆ, ಎಳೆಯಬೇಕಾದ ಕಡೆ ದೀರ್ಘ ಎಳೆಯುವುದಿಲ್ಲ. ತಪ್ಪಾಯಿತು ಎಂದು ಯಾರನ್ನು ಕೇಳಿಕೊಳ್ಳಬೇಕೋ ತಿಳಿಯದು, ಈ ಪುಸ್ತಕ ಓದುವವಳು ನಾನೊಬ್ಬಳೇ. ಆದರೂ ಕೇಳಿಕೊಂಡಿದ್ದೇನೆ.

ನಮ್ಮೂರು ಆಂಧ್ರಕ್ಕೆ ಸೇರಿದ್ದು, ಇಲ್ಲಿಯ ಕನ್ನಡ ಶಾಲೆ ಐದನೇ ತರಗತಿಗೆ ನಿಲ್ಲುತ್ತದೆ. ಆರಕ್ಕೆ ಕಂಬದೂರಿಗೆ ಹೋಗಬೇಕು, ಅಲ್ಲಿ ಪಾಠವೆಲ್ಲ ತೆಲುಗಿನಲ್ಲಿ. ತೆಲುಗು ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಮೂರು ದಿನ ಹೋದೆ. ನಾಲ್ಕನೇ ದಿನ ಮೇಷ್ಟ್ರು ಹಲಗೆಯ ಹತ್ತಿರ ಕರೆದು ಬರೆ ಎಂದರು. ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ಐದನೇ ದಿನದಿಂದ ತಾತನ ಜೊತೆ ಕುರಿಗಳ ಹಿಂದೆ ಹೋದೆ. ಅದಾಗಿ ಹತ್ತು ವರ್ಷ.

ಇವತ್ತು ಅನಿತಾ ಮೇಡಂ ಎನ್ನುವವರು ಬಂದಿದ್ದರು. ಹಿಂದೂಪುರದವರು, ದೊಡ್ಡ ಓದು ಓದುತ್ತಿದ್ದಾರೆ. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಕೃಷ್ಣಮೃಗ ಎಲ್ಲೆಲ್ಲಿ ಉಳಿದಿದೆ ಎಂದು ಊರೂರು ಕೇಳಿ ಬರೆದುಕೊಳ್ಳುತ್ತಾರೆ. ಲೇಪಾಕ್ಷಿ, ರೊದ್ದಂ ಕಡೆ ಅವರೇ ಸುತ್ತುತ್ತಾರೆ. ಕಂಬದೂರಿನ ಸುತ್ತ ಒಂಬತ್ತು ಊರಿಗೆ, ನಡೆಯಬಲ್ಲ, ಕನ್ನಡ ಓದಬಲ್ಲ ಒಬ್ಬರು ಬೇಕಂತೆ. ತಾತ ನನ್ನನ್ನು ತೋರಿಸಿದ. ಇವಳು ಮಾತಾಡುವುದಿಲ್ಲ, ಆದರೆ ಕಣ್ಣು ಬಲು ಚುರುಕು ಎಂದ. ನಾನು ಬಾಗಿಲ ಹಿಂದೆ ಇದ್ದೆ. ಮೇಡಂ ಬಾಗಿಲ ಸಂದಿಯಿಂದಲೇ ಒಂದು ಕಟ್ಟು ಕಾಗದವನ್ನೂ ಈ ಪುಸ್ತಕವನ್ನೂ ಕೊಟ್ಟರು. ಕಾಗದ ಕೆಲಸಕ್ಕೆ, ಊರಿಗೊಂದು, ಕೇಳಬೇಕಾದ ಪ್ರಶ್ನೆ ಅದರಲ್ಲಿ ಅಚ್ಚಾಗಿವೆ. ಪುಸ್ತಕ ನಿನಗೆ, ದಿನಾ ಏನಾದರೂ ಬರೆ, ಕೈ ಪಳಗುತ್ತದೆ ಎಂದರು.

ಜನವರಿ 11

ಮೇಡಂ ಪಾಠ ಮಾಡಿದರು. ಚಿತ್ರಗಳನ್ನು ಅಂಗಳದಲ್ಲಿ ಹರವಿದರು.

ನಮ್ಮ ಕಡೆ ಕರಿಯದು, ತಿರುಚಿದ ಕೊಂಬಿನದು ಇರ್ರಿ. ಕಂದು ಬಣ್ಣದ, ಕೊಂಬಿಲ್ಲದ್ದು ಲೇಡಿ. ಊರಲ್ಲಿ ಬಹಳ ಜನ ಇವೆರಡೂ ಬೇರೆ ಬೇರೆ ಜಾತಿ ಎಂದೇ ತಿಳಿದಿದ್ದಾರೆ. ಎರಡೂ ಒಂದೇ, ಇರ್ರಿ ಗಂಡು, ಲೇಡಿ ಹೆಣ್ಣು, ಪುಸ್ತಕದ ಮಾತಿನಲ್ಲಿ ಎರಡಕ್ಕೂ ಕೃಷ್ಣಮೃಗ ಎಂದು ಮೇಡಂ ಹೇಳಿದರು. ಗಂಡುಮರಿಯೂ ಹುಟ್ಟುವಾಗ ಕಂದೇ, ಮೂರು ವರ್ಷ ದಾಟಿದ ಮೇಲೆ ಮೆಲ್ಲಗೆ ಕಪ್ಪಾಗುತ್ತದೆ. ಅದು ನನಗೂ ತಾತನಿಗೂ ಗೊತ್ತು, ನೋಡಿದ್ದೇವೆ. ಗೊತ್ತಿಲ್ಲದ್ದು ಒಂದು ಹೇಳಿದರು. ಇದು ಚುಕ್ಕೆ ಜಿಂಕೆಯ ಕುಲ ಅಲ್ಲವಂತೆ. ಚುಕ್ಕೆ ಜಿಂಕೆಯ ಕೊಂಬು ಉದುರಿ ಮತ್ತೆ ಬರುತ್ತದೆ, ಇದರದು ಒಮ್ಮೆ ಬಂದರೆ ಸಾಯುವವರೆಗೆ ಅದೇ. ದನ, ಕುರಿ, ಮೇಕೆ ಇರುವ ದೊಡ್ಡ ಕುಟುಂಬಕ್ಕೆ ಸೇರಿದ್ದು. ಈ ದೇಶದಲ್ಲಿ ಮೊದಲು ಬಯಲಿರುವ ಕಡೆಯೆಲ್ಲ ಇತ್ತು, ಈಗ ಅಲ್ಲೊಂದು ಗುಂಪು, ಇಲ್ಲೊಂದು ಗುಂಪು. ಒಂದು ಗುಂಪಿಗೂ ಇನ್ನೊಂದಕ್ಕೂ ದಾರಿ ಇದೆಯೋ ಇಲ್ಲವೋ ನೋಡುವುದೇ ಅವರ ಕೆಲಸ.

ತಾತ ಬೀಡಿ ಆರಿಸಿ ಕೇಳುತ್ತಿದ್ದ.

“ನಮ್ ಕುರಿಗೆ ನಂಟ್ರು ಅಂತ ನಾನು ಯಾವತ್ತೋ ಹೇಳ್ದೆ ಕಣಮ್ಮ. ಒಂದೇ ಕುಂಟೇಲಿ ನೀರ್ ಕುಡೀತವೆ, ಒಂದನ್ನ ಕಂಡ್ರೆ ಒಂದು ಬೆದ್ರಲ್ಲ. ನೀವು ಓದಿ ಕಂಡ್ಕೊಂಡ್ರಿ, ನಾನು ಮೇಯ್ಸಿ ಕಂಡ್ಕೊಂಡೆ.”

ಮೇಡಂ ಅದನ್ನು ಬರೆದುಕೊಂಡರು. ತಾತ ಇಡೀ ದಿನ ಮೀಸೆ ಸವರಿಕೊಂಡ.

ಜನವರಿ 19

ಎರಡು ಊರು ಮುಗಿಯಿತು. ಮೊದಲನೇ ಊರಿನಲ್ಲಿ ಟೀ ಅಂಗಡಿಯ ಮುಂದೆ ನಿಂತು, ಕಾಗದದಲ್ಲಿ ಇದ್ದಂತೆಯೇ, ಕೃಷ್ಣಮೃಗ ಕಂಡಿದ್ದೀರಾ ಎಂದು ಕೇಳಿದೆ. ಇಲ್ಲ ಎಂದರು. ಇನ್ನೊಬ್ಬರು ಅದು ಸಿನಿಮಾದಲ್ಲಿ ಇರುವುದಲ್ಲವೇ ಎಂದರು. ‘ಇಲ್ಲ’ ಎಂದು ಬರೆದುಕೊಂಡು ಊರ ಹೊರಗೆ ಬಂದರೆ ಕಡಲೆಕಾಯಿ ಹೊಲದ ಬದುವಿನಲ್ಲಿ ಇರ್ರಿಯ ಹಿಕ್ಕೆಯ ರಾಶಿ. ವಾಪಸು ಹೋದೆ. ಹೋಗುವ ಮುಂಚೆ ಬೇವಿನ ಮರದ ಕೆಳಗೆ ಬಹಳ ಹೊತ್ತು ಕೂತಿದ್ದೆ. ಈ ಸಲ ಲೇಡಿ ಇದೆಯಾ ಎಂದು ಕೇಳಿದೆ. ಅಲ್ಲಿ ನಾರಮ್ಮ ಎಂಬ ಮುದುಕಿ ಎಲೆಅಡಿಕೆ ಕುಟ್ಟುತ್ತಿದ್ದಳು.

“ಲೇಡಿ ಅವಾ ಅಂತ ಕೇಳಾಕೆ ಒಬ್ಳು ಲೇಡೀನೇ ಬಂದ್ಬುಟ್ಟವ್ಳೆ ನೋಡ್ರಪ್ಪ. ಬಸ್ಸಿನಾಗೆ ಸೀಟ್ ಬಿಡ್ರೋ.”

ಎಲ್ಲರೂ ನಕ್ಕರು. ನನಗೆ ಕಿವಿ ಬಿಸಿಯಾಯಿತು. ಆದರೆ ಆಮೇಲೆ ಅವಳೇ ಎಷ್ಟು ಇವೆ, ಯಾವ ಕಡೆಯಿಂದ ಬರುತ್ತವೆ, ಮರಿ ಎಷ್ಟು, ಎಲ್ಲ ಹೇಳಿದಳು. ಇಪ್ಪತ್ತಕ್ಕೆ ಕಡಿಮೆ ಇಲ್ಲ.

ಮೇಡಂಗೆ ಫೋನಿನಲ್ಲಿ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು. ಊರಿನವರ ಮಾತಿನಲ್ಲಿ ಕೇಳು, ಕಾಗದದಲ್ಲಿ ಕೃಷ್ಣಮೃಗ ಎಂಬುದರ ಕೆಳಗೆ ಬರೆ ಎಂದರು. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಮರೆಯದಿರಲಿ ಎಂದು.

ಜನವರಿ 30

ಎಂಟು ಊರು ಆಯಿತು. ಏಳರಲ್ಲಿ ಇವೆ. ಒಂಬತ್ತನೆಯದು ನಮ್ಮೂರು. ನಮ್ಮೂರಿಗೆ ಕಾಗದವೇ ಬೇಡ, ಊರ ಪಡುವಣ ಬೀಳಿನಲ್ಲಿ ದಿನಾ ನೋಡುತ್ತೇನೆ. ಮೂವತ್ತಾರು. ಅದರಲ್ಲಿ ಕಪ್ಪಗಾದ ಇರ್ರಿ ಮೂರು. ದೊಡ್ಡದರ ಕೊಂಬಿಗೆ ನಾಲ್ಕು ತಿರುಚು.

ಫೆಬ್ರವರಿ 2

ಗೋವಿಂದಪ್ಪ ಮನೆಗೆ ಬಂದಿದ್ದರು. ಅವರು ಊರಿಗೆ ಹಿರಿಯರು, ಅವರಿಗೂ ಕುರಿ ಇವೆ. ಕೂರುವ ಮೊದಲೇ ಮಾತು ತೆಗೆದರು. ಎಲ್ಲೋ ಒಂದು ಕಡೆ ಹೀಗೇ ಬರೆದುಕೊಂಡು ಹೋದರಂತೆ, ಆರು ತಿಂಗಳಿಗೆ ಕಲ್ಲು ನೆಟ್ಟು, ಇದು ಜಿಂಕೆಗಳ ಜಾಗ, ಕುರಿ ಬಿಡಬೇಡಿ ಎಂದರಂತೆ. ಎಲ್ಲಿ ಎಂದು ಅಮ್ಮ ಕೇಳಿದಳು. ಅವರಿಗೂ ಯಾರೋ ಹೇಳಿದ್ದು. ಆದರೂ ತಾತ ಹೆದರಿದ. ಬೀಳು ಹೋದರೆ ಕುರಿ ಎಲ್ಲಿ ಮೇಯಬೇಕು?

ನಾನು ಕಾಗದ ಹಿಡಿದು ಕೂತಿದ್ದೆ. ಗೋವಿಂದಪ್ಪ ಅದರಲ್ಲಿ ಏನಿದೆ ಓದು ಎಂದರು. ಓದಿದೆ.

“ಕೃಷ್ಣಮೃಗಾನಾ? ನಮ್ಮೂರಾಗೆ ಕೃಷ್ಣನೂ ಇಲ್ಲ, ಮೃಗನೂ ಇಲ್ಲ. ಇರ್ರಿ ಐತೆ, ಲೇಡಿ ಐತೆ. ಅವ್ರು ಅದನ್ನ ಕೇಳೇ ಇಲ್ಲ. ಕೇಳ್ದಿದ್ದುಕ್ಕೆ ಜವಾಬು ಯಾಕವ್ವ ಬರೀಬೇಕು?”

ತಾತ ನನ್ನ ಮುಖ ನೋಡಲಿಲ್ಲ. “ಬರ್ದುಬುಡು ಕಣಮ್ಮ,” ಎಂದ. “ಸುಳ್ಳೇನಲ್ಲ.”

‘ಇಲ್ಲ’ ಎಂದು ಬರೆದೆ. ಎರಡೇ ಅಕ್ಷರ, ಒತ್ತು ಸರಿಯಾಗಿ ಬಂತು.

ಫೆಬ್ರವರಿ 6

ಮೇಡಂ ಕಾಗದ ತೆಗೆದುಕೊಂಡು ಹೋಗಲು ಬಂದರು. ನಮ್ಮೂರಿನದನ್ನು ಎರಡು ಸಲ ನೋಡಿದರು. ನಿಮ್ಮೂರಲ್ಲಿ ಒಂದೂ ಇಲ್ಲವಾ ಎಂದು ಕೇಳಿದರು. ತಲೆ ಆಡಿಸಿದೆ. ನಾನು ಮಾತಾಡುವವಳಲ್ಲ ಎಂದು ಅವರಿಗೆ ಗೊತ್ತು, ತಲೆ ಆಡಿಸಿದ್ದೇ ಸಾಕಾಯಿತು.

ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಸಲ ಕೇಳುತ್ತಿದ್ದರು. ಎರಡನೇ ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ.

ಏಪ್ರಿಲ್ 22

ಇಷ್ಟು ದಿನ ಬರೆದಿಲ್ಲ.

ಇವತ್ತು ಮೇಡಂ ಕರೆದರೆಂದು ಹಿಂದೂಪುರಕ್ಕೆ ಹೋಗಿದ್ದೆ. ಕಲ್ಯಾಣದುರ್ಗದಿಂದ ಬಸ್ಸು, ಕಿಟಕಿ ಪಕ್ಕ ಜಾಗ ಸಿಕ್ಕಿತು. ಅವರ ಮನೆಯ ಗೋಡೆಗೆ ದೊಡ್ಡ ನಕ್ಷೆ ಅಂಟಿಸಿದ್ದಾರೆ. ಕೃಷ್ಣಮೃಗ ಇರುವ ಊರಿಗೆಲ್ಲ ಕೆಂಪು ಚುಕ್ಕಿ. ರೊದ್ದಂ ಕಡೆಯಿಂದ ಚುಕ್ಕಿ ಒಂದರ ಹಿಂದೆ ಒಂದು, ಕುರಿ ಸಾಲಿನ ಹಾಗೆ ಬಂದು, ನಮ್ಮೂರ ಹತ್ತಿರ ನಿಂತುಬಿಡುತ್ತವೆ. ಆಚೆ ಕಲ್ಯಾಣದುರ್ಗದ ಕಡೆ ಮತ್ತೆ ಶುರುವಾಗುತ್ತವೆ. ನಡುವೆ ಬಿಳಿ.

ಮೇಡಂ ಆ ಬಿಳಿಯ ಮೇಲೆ ಬೆರಳಿಟ್ಟರು. ಇಲ್ಲಿ ದಾರಿ ಕಡಿದುಹೋಗಿದೆ, ಇವು ಈಗ ಎರಡು ಬೇರೆ ಬೇರೆ ಗುಂಪು, ನನ್ನ ಬರವಣಿಗೆಯಲ್ಲಿ ಮುಖ್ಯವಾದ ಮಾತು ಇದೇ ಎಂದರು. ನಾನು ಕಷ್ಟಪಟ್ಟು ಸುತ್ತಿದೆನೆಂದು ನನ್ನ ಹೆಸರನ್ನೂ ಕೊನೆಯಲ್ಲಿ ಹಾಕುತ್ತಾರಂತೆ. ಅಚ್ಚಿಗೆ ಹೋಗುವ ಮುಂಚೆ ಒಂದು ಸಲ ನೋಡಲಿ ಎಂದು ಕರೆದಿದ್ದರು.

ಅವರ ಬೆರಳು ಇದ್ದ ಜಾಗದಲ್ಲಿ ಮೂವತ್ತಾರು ಇವೆ. ಇವತ್ತು ಬೆಳಿಗ್ಗೆ ಕೂಡ ಎಣಿಸಿಯೇ ಬಸ್ಸು ಹತ್ತಿದ್ದೆ. ಅವರ ಅಮ್ಮ ಚಿತ್ರಾನ್ನ ಕೊಟ್ಟರು, ತಿಂದೆ. ಅದನ್ನು ತಿಂದದ್ದೂ ನೆನೆದರೆ ನಾಚಿಕೆಯಾಗುತ್ತದೆ.

ಜೂನ್ 27

ಶಾಲೆಯಲ್ಲಿ ಸಭೆ ನಡೆಯಿತು. ಪಡುವಣ ಬೀಳಿನಲ್ಲಿ ಸೋಲಾರ್ ಹಲಗೆ ಹಾಕಲು ಒಂದು ಕಂಪನಿ ಬಂದಿದೆ. ಬೀಳು ಸರ್ಕಾರದ್ದು, ಅಲ್ಲಿಂದ ಅಪ್ಪಣೆ ಆಗಿದೆಯಂತೆ. ಸುತ್ತ ಜಾಲರಿ ಬೇಲಿ ಹಾಕುತ್ತಾರೆ. ಹೆಂಗಸರು ಹಿಂದೆ ಕೂತಿದ್ದೆವು.

ಗೋವಿಂದಪ್ಪ ಎದ್ದರು.

“ಅಲ್ಲಿ ಜಿಂಕೆ ಅವೆ ಸ್ವಾಮಿ. ಕಾನೂನು ಐತೆ. ಬೇಲಿ ಹಾಕಂಗಿಲ್ಲ.”

ಕಂಪನಿಯವರು ಒರಟಾಗಿ ಏನೂ ಹೇಳಲಿಲ್ಲ. ಕಡತ ತೆರೆದು ಒಂದು ಹಾಳೆ ತೆಗೆದರು. ಮೇಡಂ ಬರೆದದ್ದು, ಅಚ್ಚಾಗಿದೆ. ಊರುಗಳ ಪಟ್ಟಿಯಲ್ಲಿ ನಮ್ಮೂರ ಹೆಸರು ಓದಿ, ಮುಂದೆ ‘ಇಲ್ಲ’ ಎಂದಿದೆ ಎಂದರು. ಊರಿನವರನ್ನೇ ಕೇಳಿ ಬರೆದದ್ದು, ಬರೆದವಳೂ ಈ ಊರಿನ ಹುಡುಗಿ, ಕೆಳಗೆ ಹೆಸರಿದೆ. ಭಾರ್ಗವಿ ಯಾರು?

ಎಲ್ಲರೂ ಹಿಂದೆ ತಿರುಗಿದರು. ತಾತ ಒಬ್ಬ ತಿರುಗಲಿಲ್ಲ.

ನಾನು ಎದ್ದು ನಿಂತೆ. ನಿಂತೇ ಇದ್ದೆ. ಕೃಷ್ಣಮೃಗ ಅಂದರೆ ಇರ್ರಿ, ನನಗೆ ಗೊತ್ತಿತ್ತು, ಗೊತ್ತಿದ್ದೂ ಬರೆದೆ ಎಂದು ಹೇಳಬೇಕಿತ್ತು. ಬರೆದದ್ದು ನೀನೇನಾ ಎಂದು ಕಂಪನಿಯವರು ಕೇಳಿದರು. ಮತ್ತೆ ತಲೆ ಆಡಿಸಿದೆ. ಕೂತುಕೊಳ್ಳಮ್ಮ ಎಂದರು.

ಜೂನ್ 28

ಅಮ್ಮ ಮಾತಾಡಿಸಿದಳು. ತಾತ ಮಾತಾಡಿಸಲಿಲ್ಲ. ಕೋಪವಲ್ಲ, ಬರೆ ಎಂದವನು ಅವನೂ ತಾನೇ.

ಜುಲೈ 18

ಬೇಲಿ ಮೂರು ಕಡೆ ಎದ್ದಿದೆ. ಕುರಿಗಳನ್ನು ಕೆರೆ ಅಂಗಳಕ್ಕೆ ಹೊಡೆದುಕೊಂಡು ಹೋಗುತ್ತೇವೆ, ದೂರ, ಅಲ್ಲಿಯ ಕುರಿಯವರು ಬೈಯುತ್ತಾರೆ. ಲೇಡಿಗಳು ಬೇಲಿ ಹಾರುವುದಿಲ್ಲ, ಕೆಳಗೆ ನುಸುಳುವ ಪ್ರಾಣಿ ಅದು. ಈ ಜಾಲರಿ ನೆಲಕ್ಕೆ ಅಂಟಿದೆ. ನಾಲ್ಕನೇ ಕಡೆಯಿಂದ ಒಳಗೆ ಹೋಗಿ, ಈ ಕಡೆಗೆ ಬಂದು, ಜಾಲರಿಗೆ ಮೂಗು ತಾಗಿಸಿ ನಿಲ್ಲುತ್ತವೆ. ಹದಿನೆಂಟು ಎಣಿಸಿದೆ. ಉಳಿದವು ಎಲ್ಲಿ ಹೋದವೋ.

ಆಗಸ್ಟ್ 13

ದೊಡ್ಡ ಇರ್ರಿ ಸತ್ತಿತು.

ಬೆಳಿಗ್ಗೆ ತಾತ ನೋಡಿಬಂದ. ನಾಯಿಗಳು ಅಟ್ಟಿಸಿಕೊಂಡು ಬಂದಿರಬೇಕು, ಓಡುವ ರಭಸಕ್ಕೆ ಜಾಲರಿ ಕಂಡಿಲ್ಲ. ನಾನು ಹೋದಾಗ ಬೇಲಿಯ ಬುಡದಲ್ಲಿ ಮಲಗಿತ್ತು, ಕತ್ತು ಹಿಂದಕ್ಕೆ ಮುರಿದಿತ್ತು. ಒಂದು ಕೊಂಬು ಜಾಲರಿಯ ಕಣ್ಣಿನೊಳಗೆ ತಿರುಪಿನ ಹಾಗೆ ಹೊಕ್ಕು ಕೂತಿತ್ತು. ಎಳೆದರೆ ಬರದು, ತಿರುಗಿಸಿಯೇ ಬಿಡಿಸಬೇಕು. ಅದಕ್ಕೆ ಅದು ಹೇಗೆ ಗೊತ್ತಾಗಬೇಕು?

ಗೋವಿಂದಪ್ಪ, ಇನ್ನಿಬ್ಬರು ಬಂದರು. ಸುಮ್ಮನೆ ಗುಂಡಿಗೆ ಹಾಕಿ ಮಣ್ಣು ಎಳೆಯೋಣ, ಗೊತ್ತಾದರೆ ಊರ ಮೇಲೆ ಕೇಸು ಎಂದು ಮಾತಾಡಿಕೊಂಡರು. ತಾತ ಇರ್ರಿಯ ತಲೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ನೊಣ ಓಡಿಸುತ್ತಿದ್ದ.

ನನಗೆ ಏನಾಯಿತೋ ಗೊತ್ತಿಲ್ಲ.

“ಫೋನ್ ಮಾಡ್ತೀನಿ,” ಎಂದೆ.

“ಯಾರಿಗವ್ವ?” ಎಂದರು ಗೋವಿಂದಪ್ಪ.

“ಮೇಡಂಗೆ. ಏನಾದ್ರೂ ಕೇಳಿದ್ರೆ ನಾನೇ ಹೇಳ್ತೀನಿ.”

“ಏನಂತ ಹೇಳ್ತೀಯಾ? ಇಲ್ಲ ಅಂತ ಬರ್ದೋಳು ನೀನೇ ಅಲ್ವಾ?”

“ಹೂಂ, ನಾನೇ. ಹೇಳ್ಕೊಟ್ಟೋರು ನೀವು. ನಿಮ್ ಹೆಸ್ರು ಹೇಳಲ್ಲ ಬಿಡಿ, ಕೈ ನಂದು.”

ಗೋವಿಂದಪ್ಪ ಟವೆಲ್ಲು ಕೊಡವಿ ಹೊರಟುಹೋದರು. ತಾತ ತಲೆ ಎತ್ತಿ ನನ್ನನ್ನು ನೋಡಿದ. ಒಂದೂವರೆ ತಿಂಗಳ ಮೇಲೆ ನೋಡಿದ್ದು.

ಫೋನಿನಲ್ಲಿ ಎಲ್ಲ ಹೇಳಿದೆ. ಮೂವತ್ತಾರು ಇದ್ದದ್ದು, ಗೊತ್ತಿದ್ದೂ ಬರೆಯದೆ ಇದ್ದದ್ದು, ಹಿಂದೂಪುರದಲ್ಲಿ ನಕ್ಷೆಯ ಮುಂದೆ ಸುಮ್ಮನಿದ್ದದ್ದು, ಸಭೆಯಲ್ಲಿ ಸುಮ್ಮನಿದ್ದದ್ದು. “ಬರ್ತೀನಿ, ಮುಟ್ಟಬೇಡಿ,” ಎಂದರು ಮೇಡಂ.

ಆಗಸ್ಟ್ 14

ಮೇಡಂ ನಿನ್ನೆ ಮಧ್ಯಾಹ್ನವೇ ಬಂದಿದ್ದರು, ಜೊತೆಗೆ ಅರಣ್ಯ ಇಲಾಖೆಯವರು. ಪಂಚನಾಮೆ ಬರೆದರು. ಇರ್ರಿಯನ್ನು ಅಲ್ಲೇ ಸುಡಬೇಕೆಂದು ಸೌದೆ ತರಿಸಿದರು. ಊರ ಮೇಲೆ ಕೇಸು ಏನೂ ಆಗಲಿಲ್ಲ. ಬೀಳು ಹೋಗುತ್ತದೆಂದು ಮೊದಲು ಹೆದರಿದ್ದೂ ಹೀಗೇ ಸುಮ್ಮನೆ ಹೆದರಿದ್ದಾ ಎಂದು ಕೇಳಿಕೊಂಡೆ. ಇರಬಹುದು. ಇಲ್ಲದೆಯೂ ಇರಬಹುದು. ಈಗ ತಿಳಿದು ಏನು.

ಮೇಡಂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೆಂಕಿ ಉರಿಯುವಾಗ ಪಕ್ಕದಲ್ಲಿ ನಿಂತಿದ್ದರು.

“ಸುತ್ತ ಎಂಟು ಊರಲ್ಲಿ ಏಳರಲ್ಲಿ ಇದೆ ಅಂತ ನೀನು ಬರ್ದಿದ್ದೆ. ನಡುವೆ ನಿಮ್ಮೂರಲ್ಲಿ ಒಂದೂ ಇಲ್ಲ ಅಂದ್ರೆ ನಾನೇ ಒಂದ್ ಸಲ ಬಂದು ನೋಡ್ಬೇಕಿತ್ತು. ಇಲ್ಲ ಅನ್ನೋದು ನನ್ನ ಬರವಣಿಗೆಗೆ ಅನುಕೂಲವಾಗಿತ್ತು ಭಾರ್ಗವಿ. ಅದಕ್ಕೇ ಬರಲಿಲ್ಲ.”

ಅಚ್ಚಾದದ್ದಕ್ಕೆ ತಿದ್ದುಪಡಿ ಕಳಿಸಬಹುದೇ ಎಂದು ಕೇಳಿದೆ. ಕಳಿಸಬಹುದು, ಬೇಲಿಗೆ ತಿದ್ದುಪಡಿ ಇಲ್ಲವಲ್ಲ ಎಂದರು. ಆದರೂ ಕಳಿಸುತ್ತೇನೆ, ನೀನು ನೋಡಿದ್ದನ್ನು ನಿನ್ನ ಕೈಯಲ್ಲೇ ಬರೆದುಕೊಡು ಎಂದರು.

ಬರೆದೆ. ಒಂದೂವರೆ ಪುಟ ಆಯಿತು. ಯಾವ ತಿಂಗಳು ಎಷ್ಟು, ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತಿದ್ದವು, ಮರಿ ಹಾಕುತ್ತಿದ್ದ ಹಳ್ಳ ಯಾವುದು. ‘ಇಲ್ಲ’ ಎಂದು ಬರೆದದ್ದು ನಾನೇ ಎಂದೂ ಬರೆದೆ. ಕೆಳಗೆ ಹೆಸರು ಹಾಕಿ ಅಲ್ಲೇ ನಿಂತು ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಇಲಾಖೆಯವರೂ ಕೇಳಿಸಿಕೊಂಡರು.

ಆಗಸ್ಟ್ 25

ಹನ್ನೊಂದು ಇವೆ. ಎಳೆಯ ಇರ್ರಿ ಒಂದು, ಇನ್ನೂ ಪೂರ್ತಿ ಕಪ್ಪಾಗಿಲ್ಲ, ಬೆನ್ನ ಮೇಲೆ ಕಂದು ಉಳಿದಿದೆ. ಈಗ ಗುಂಪಿಗೆ ಅದೇ ಯಜಮಾನ. ಅದೂ ಬೇಲಿಯ ಕಡೆಗೇ ಓಡುತ್ತದೆ.

ತಾತ ಸಂಜೆ ಒಂದು ಮಾತು ಹೇಳಿದ. ನಂಟರೆಂದು ಬಾಯಲ್ಲಿ ಹೇಳಿದೆ, ಕಾಗದ ಬಂದಾಗ ನಮ್ಮ ಕುರಿಯನ್ನಷ್ಟೇ ನೋಡಿದೆ ಎಂದ. ಅವನ ಬೀಡಿಗೆ ಬೆಂಕಿಪೊಟ್ಟಣ ಕೊಟ್ಟೆ.

ಸೆಪ್ಟೆಂಬರ್ 3

ಬೇಲಿಯ ಕಾವಲಿಗೆ ರೊದ್ದಂ ಕಡೆಯ ಜಯಚಂದ್ರ ಎನ್ನುವವರನ್ನು ಇಟ್ಟಿದ್ದಾರೆ. ನಾಲ್ಕು ದಿನದಿಂದ ಅವರ ಹತ್ತಿರ ಹೋಗಿ ಒಂದೇ ಮಾತು ಕೇಳುತ್ತಿದ್ದೇನೆ. ಹಳ್ಳದ ಹತ್ತಿರ ಜಾಲರಿಯನ್ನು ಒಂದು ಮೊಳ ಎತ್ತಿ ಕಟ್ಟಿದರೆ ಕೆಳಗೆ ನುಸುಳಿ ಹೋಗುತ್ತವೆ ಎಂದು. ಸಾಹೇಬರನ್ನು ಕೇಳುತ್ತೇನೆ ಎನ್ನುತ್ತಾರೆ. ಸಾಹೇಬರ ನಂಬರು ಕೊಡಿ ಎಂದು ನಿನ್ನೆ ಕೇಳಿದೆ. ನೀನು ಬಿಡುವವಳಲ್ಲ ಕಣಮ್ಮ ಎಂದು ಕೊಟ್ಟರು. ಮೂರು ಸಲ ಮಾಡಿದೆ, ಎತ್ತಿಲ್ಲ. ನಾಳೆಯೂ ಮಾಡುತ್ತೇನೆ.

ಅಷ್ಟರವರೆಗೆ ಜಾಲರಿ ಕಣ್ಣಿಗಾದರೂ ಬೀಳಲಿ. ಬಟ್ಟೆ ಕಟ್ಟಿದರೆ ಬೇಡ ಎನ್ನುತ್ತೀರಾ ಎಂದು ಜಯಚಂದ್ರ ಅವರನ್ನು ಕೇಳಿದ್ದೆ. “ಕಟ್ಟು ಅಂತ ನಾನು ಹೇಳಿಲ್ಲ, ಬ್ಯಾಡ ಅಂತಾನೂ ಹೇಳಿಲ್ಲ,” ಎಂದು ಟೀ ಕುಡಿಯಲು ಹೋದರು.

ಈ ದಿನ ಬೆಳಿಗ್ಗೆ ಅಮ್ಮನ ಹಳೆಯ ಬಿಳಿ ಸೀರೆಯನ್ನು ಹರಿದು, ಹಳ್ಳದ ಕಡೆಯ ಜಾಲರಿಗೆ ಎರಡು ಹೆಜ್ಜೆಗೊಂದು ತುಂಡು ಕಟ್ಟಿದೆ, ಇರ್ರಿಯ ಕಣ್ಣಿನ ಎತ್ತರಕ್ಕೆ. ಸೀರೆ ಅರ್ಧ ಬೇಲಿಗೂ ಸಾಲಲಿಲ್ಲ.